ಉಪ್ಪುಕಂಡದ ಕಾವಲು

"ಉಪ್ಪುಕಂಡ" ಎಂಬ ಮಾತು ಜೈನಬ್‌ಳ ಬಾಯಿಂದ ತಾನಾಗಿ ಜಾರಿತು. ಮ್ಯಾನ್‌ಹಟ್ಟನ್‌ನ ಮ್ಯೂಸಿಯಂ ಅಂಗಳದಲ್ಲಿ, ಪ್ರಾತ್ಯಕ್ಷಿಕೆಗೆಂದು ಓಕ್ಲಹೋಮಾದಿಂದ ಬಂದಿದ್ದ, ಅಮೆರಿಕದ ಮೂಲನಿವಾಸಿಗಳಾದ ಪಾನೀ ಬುಡಕಟ್ಟಿನ ಮುದುಕಿಯೊಬ್ಬಳು ಮಾಂಸವನ್ನು ದುಪಟ್ಟಾದಷ್ಟು ತೆಳ್ಳಗೆ ಸೀಳಿ ಗಳುವಿನ ಮೇಲೆ ಹರಡುತ್ತಿದ್ದಳು. ಊರಿಗೆ ಊರೇ ಬೈಸನ್ ಎಂಬ ಕಾಡುಕೋಣಗಳ ಬೇಟೆಗೆ ಹೊರಡುತ್ತಿದ್ದ ಕಾಲದಲ್ಲಿ ಹೆಂಗಸರು ಹೀಗೆಯೇ ಒಣಗಿಸುತ್ತಿದ್ದರಂತೆ. "ಇದು ಅಂಗಡಿ ಬೀಫು," ಎಂದಳು ಮುದುಕಿ. "ನಮ್ಮಜ್ಜಿ ಕಲಿಸಿದ್ದೂ ಬೀಫಿನಲ್ಲೇ. ಆ ಬೇಟೆ ನಿಂತು ನೂರೈವತ್ತು ವರ್ಷ ಆಯ್ತು."

ಜೈನಬ್ ಗಳುವಿನ ಹತ್ತಿರ ಸರಿದಳು. ಮೈಸೂರಿನಲ್ಲಿ ಬಕ್ರೀದ್ ಮಾರನೆಯ ದಿನ ಅವಳ ತಾಯಿ ತಾರಸಿಯ ತಂತಿಯ ಮೇಲೆ ಹೀಗೆಯೇ ಮಾಂಸ ಹರಡಿ, ಕೈಗೆ ಕೋಲು ಕೊಟ್ಟು ಇವಳನ್ನು ಕಾವಲಿಗೆ ಕೂರಿಸುತ್ತಿದ್ದಳು. ಆ ತಾಯಿಯೂ ಇಲ್ಲ, ಆ ತಾರಸಿಯೂ ಇಲ್ಲ.

"ಅಮ್ಮಿ, ವಾಟ್ ಆರ್ ಯೂ ಡೂಯಿಂಗ್?" ಎಂದಳು ಮಗಳು ಯುಸ್ರಾ. ಆಗಲೇ ಜೈನಬ್ ತನ್ನ ಕೈ ನೋಡಿಕೊಂಡದ್ದು. ಅದು ಬರಿಗಾಳಿಯಲ್ಲಿ ಏನನ್ನೋ ಓಡಿಸುತ್ತಿತ್ತು.

"ಕಾಗೆ ಓಡಿಸ್ತಿದ್ದೆ ಕಣೇ," ಎಂದಳು ನಾಚಿಕೊಂಡು. ಯುಸ್ರಾ ಅದನ್ನು ಮುದುಕಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಮುದುಕಿಯ ಚಾಕು ನಿಂತಿತು. "ನಮ್ಮಲ್ಲಿ ನಾಯಿ ಓಡಿಸ್ತಿದ್ರು," ಎಂದಳು. "ಇಲ್ಲಿ ಯಾವುದೂ ಬರಲ್ಲ. ಆದ್ರೂ ಯಾರಾದ್ರೂ ಕಾಯ್ಬೇಕು." ಕಾಲ ಬಳಿ ಬಿದ್ದಿದ್ದ ಕೋಲನ್ನೆತ್ತಿ ಜೈನಬ್‌ಳ ಕೈಗಿಟ್ಟಳು.