ಐದನೆಯ ‘ಯಾಕೆ’

“ಬಿಡುವು ಯಾಕಿಲ್ಲ ಮೇಷ್ಟ್ರೇ?” ಮುಖ್ಯೋಪಾಧ್ಯಾಯಿನಿಯದು ಅದು ನಾಲ್ಕನೆಯ ‘ಯಾಕೆ’. ಐದು ಸಲ ಕೇಳಿದರೆ ಯಾವ ತಪ್ಪಿನ ಬೇರಾದರೂ ಸಿಗುತ್ತದೆಂದು ತರಬೇತಿಯಲ್ಲಿ ಕಲಿತು ಬಂದಿದ್ದರು. ಮಕ್ಕಳು ಭಾಗಾಕಾರ ತಪ್ಪುವುದು, ಎಲ್ಲಿ ಎಡವಿದೆವೆಂದು ಅವರಿಗೆ ಗೊತ್ತಿಲ್ಲದೆ, ಗೊತ್ತಿಲ್ಲದಿರುವುದು ಮೇಷ್ಟ್ರು ನೋಟ್‌ಬುಕ್ ತಿದ್ದದೆ, ತಿದ್ದದಿರುವುದು ಬಿಡುವಿಲ್ಲದೆ. ಇಲ್ಲಿಯವರೆಗೆ ಬರೆದಾಗಿತ್ತು. ಸಂಜೆಯೊಳಗೆ ಹಾಳೆ ಆಡಳಿತ ಮಂಡಳಿಗೆ ಹೋಗಬೇಕು. ಕಾರಣರಾದವರಿಗೆ ನೋಟಿಸು ಗ್ಯಾರಂಟಿ.

ಗಣಿತದ ಮೇಷ್ಟ್ರು ಕಣ್ಣುಜ್ಜಿಕೊಂಡರು. “ನಾನು ಸೋಮಾರಿ ಅಂತ ಬರ್ಕೊಂಡ್ಬಿಡಿ ಮೇಡಂ. ಇಬ್ರಿಗೂ ಮನೆಗೆ ಹೋಗೋದಿದೆ.”

“ಹಾಗೆಲ್ಲ ಬರಿಯೋಕಾಗಲ್ಲ. ನಿಜ ಹೇಳಿ.”

“ನಿಜಾನಾ? ವಾರಕ್ಕೆ ಹನ್ನೊಂದು ಸುಧಾರಣೆ ಫಾರಂ ತುಂಬ್ತೀನಿ. ತಿದ್ದೋ ಹೊತ್ತೆಲ್ಲಾ ಅದಕ್ಕೇ ಹೋಗತ್ತೆ. ಬೇಜಾರು ಮಾಡ್ಕೋಬೇಡಿ, ಕೇಳಿದ್ರಿ ಅಂತ ಹೇಳ್ದೆ.”

ಆಕೆ ಅದನ್ನೂ ಬರೆದುಕೊಂಡರು. ಐದನೆಯದನ್ನು ಬಾಯಿಬಿಟ್ಟು ಕೇಳಲಿಲ್ಲ. ಆ ಫಾರಂಗಳನ್ನು ಮೇಲಿನವರು ಯಾರೂ ಹೇರಿರಲಿಲ್ಲ. ಒಂದೊಂದನ್ನೂ ಆಕೆಯೇ ಕೂತು ಗೆರೆ ಎಳೆದು ಮಾಡಿದ್ದರು, ಶಾಲೆ ಒಂದಿಷ್ಟು ಚೆನ್ನಾಗಲಿ ಎಂದು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಹಾಳೆಯ ಕೆಳಗೆ ‘ಪರಿಶೀಲಿಸಿದವರು’ ಎಂದಿದ್ದಲ್ಲಿ ಸಹಿ ಹಾಕಿದರು. ಅದರ ಪಕ್ಕದಲ್ಲಿ, ‘ಕಾರಣರಾದವರು’ ಎಂದಿದ್ದಲ್ಲಿ, ಅದೇ ಸಹಿಯನ್ನು ಇನ್ನೊಮ್ಮೆ, ನಿಧಾನವಾಗಿ ಹಾಕಿದರು.