ಹಂಸಿಕಾ ಕಟ್ಟಿದ ಮನೆ

ಮಕ್ಕಳು ಬೆಳಿಗ್ಗೆ ಮರದ ಇಟ್ಟಿಗೆಗಳಲ್ಲಿ ಏನು ಕಟ್ಟಿದರೂ, ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಊರಿನ ಕಟ್ಟಡಗಳು ಹಾಗೆಯೇ ಬದಲಾಗುತ್ತಿದ್ದವು. ಅದಕ್ಕೇ ಅಂಗನವಾಡಿ ಟೀಚರ್ ಜಯಶೀಲಾ ಗಂಟೆಗೆ ಮೊದಲು ಒಂದೊಂದನ್ನೂ ಬಗ್ಗಿ ನೋಡುತ್ತಿದ್ದಳು. ದೊಡ್ಡವರು ಕೈ ಹಾಕಿದರೆ ಊರಲ್ಲಿರುವ ಮನೆ ಕುಸಿಯುತ್ತಿತ್ತು. ಮಕ್ಕಳನ್ನು ಪುಸಲಾಯಿಸಿಯೇ ತಿದ್ದಿಸಬೇಕು.

ಇವತ್ತು ಹಂಸಿಕಾ ತನ್ನ ಮನೆಯನ್ನೇ ಕಟ್ಟಿದ್ದಳು. ನಾಲ್ಕೂ ಕಡೆ ಗೋಡೆ. ಜಯಶೀಲಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಬಾಗಿಲೆಲ್ಲಿ ಪುಟ್ಟಿ?”

“ಬೇಡ ಮಿಸ್. ಒಳಗೆ ಅಮ್ಮ ಮಲಗಿದಾಳೆ. ಬಾಗಿಲಿದ್ರೆ ಎದ್ದು ಗಾರ್ಮೆಂಟ್ಸ್‌ಗೆ ಹೋಗ್ಬಿಡ್ತಾಳೆ.”

“ಹೊಸ್ತಿಲೇ ಇಲ್ದಿದ್ರೆ ಅಮ್ಮ ಅರಿಶಿನ ಕುಂಕುಮ ಎಲ್ಲಿಡ್ತಾಳೆ ಚಿನ್ನ?”

ಹಂಸಿಕಾ ಯೋಚಿಸಿದಳು. ಆಮೇಲೆ ಗೋಡೆಯ ಬುಡದಿಂದ ಒಂದೇ ಒಂದು ಇಟ್ಟಿಗೆ ಎಳೆದಳು.

“ನಾನು ನುಸುಳೋಷ್ಟು ಸಾಕು.”

ಅಂಗಳದಲ್ಲಿ ಆಯಮ್ಮ ಮಧ್ಯಾಹ್ನದ ಗಂಟೆ ಬಾರಿಸಿಯೇಬಿಟ್ಟಳು.