ಐದನೆಯ ಲಕ್ಷಣ

ಸಿಗರೇಟು ಪ್ಯಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ ತಳ್ಳಿದರೂ ಕಾರಿನ ಕೆಳಗೆ ಹೋಗಲಿಲ್ಲ. ಕಾನ್‌ಸ್ಟೇಬಲ್ ಮೊಚಿಜುಕಿ ಮಂಡಿಯ ಧೂಳು ಕೊಡವಿಕೊಂಡು ಎದ್ದ. ಮೊದಲನೆಯ ಲಕ್ಷಣ ಸರಿಹೋಯಿತು.

"ಇಳಿಯಪ್ಪ ಮಹರಾಯ," ಎಂದ.

ತೆತ್ಸುಜಿ ಇಳಿದ. ಇಪ್ಪತ್ತೆರಡರ ಪ್ರಾಯ, ಜಪಾನಿನ ನುಮಾಜು ಬಂದರಿನ ಮೀನು ಒಣಗಿಸುವ ಅಂಗಳದಲ್ಲಿ ಕೆಲಸ. ಮೈಯೆಲ್ಲ ಮೀನಿನ ವಾಸನೆ, ತಲೆಗೆ ಮಾತ್ರ ಡಬ್ಬಿಗಟ್ಟಲೆ ಎಣ್ಣೆ.

ಇಂಥ ಗಾಡಿಗಳಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ರೇಸಿನ ಕಾರು ನೋಡಿ ಬಂದ ಹುಡುಗರು ಮನೆಯ ಹಿತ್ತಲಲ್ಲಿ ಅದನ್ನೇ ನಾಲ್ಕು ಪಟ್ಟು ಉಬ್ಬಿಸಿ ಕಟ್ಟುತ್ತಿದ್ದರು. ಒಬ್ಬ ಪೊಲೀಸು ಹಿಡಿದರೆ ಇನ್ನೊಬ್ಬ ಬಿಡುತ್ತಿದ್ದ. "ಇಂಥದ್ದಕ್ಕೆ ಇಂಥದ್ದು ಅಂತ ಬರ್ದುಕೊಡಯ್ಯ," ಎಂದು ಠಾಣೆಯ ದೊಡ್ಡ ಸಾಹೇಬರು ಮೊಚಿಜುಕಿಗೆ ಹೇಳಿದ್ದರು. ಮೂರು ವಾರ ಕೂತು ಬರೆದಿದ್ದ. ನೆಲಕ್ಕೆ ತಾಗುವಂಥ ಮೈ. ಉಬ್ಬುಹಲ್ಲಿನ ಹಾಗೆ ಮುಂದೆ ಚಾಚಿದ ತಗಡು. ಚಕ್ರಗಳ ಮೇಲೆ ಮೊಳೆ ಹೊಡೆದು ಕೂರಿಸಿದ ಅಗಲ ರೆಕ್ಕೆ. ಬಿದಿರಿನ ಈಟಿಯಂತೆ ಹಿಂದಿನಿಂದ ಮೇಲೆದ್ದ ಹೊಗೆ ಕೊಳವೆ. ಐದನೆಯದು ಸದ್ದು: ಎಂಜಿನ್ನನ್ನು ತಾಳ ಹಾಕಿದಂತೆ ಗುಡುಗಿಸುವುದು, ಒಬ್ಬೊಬ್ಬನ ತಾಳ ಒಂದೊಂದು, ಬಲ್ಲವರಿಗೆ ಕಣ್ಣು ಮುಚ್ಚಿದ್ದರೂ ಯಾರ ಗಾಡಿಯೆಂದು ಗೊತ್ತಾಗುತ್ತದೆ. ಸೋಮವಾರ ಆ ಹಾಳೆಗೆ ಮೊಹರು ಬಿತ್ತು. ಗುರುವಾರ ತೆತ್ಸುಜಿ ಸಿಕ್ಕಿಬಿದ್ದ.

"ಕೊಳವೆ ಇಲ್ಲೇ ಕತ್ತರಿಸು. ಗಾಡಿ ಠಾಣೇಲಿರುತ್ತೆ."

"ಸಾಹೇಬ್ರೇ, ಈ ಭಾನುವಾರ ಒಂದು ಸಲ ಬಿಟ್ಬಿಡಿ. ಸೋಮವಾರ ನಾನೇ ತಂದು ಒಪ್ಪಿಸ್ತೀನಿ."

"ಭಾನುವಾರ ಏನಿದೆ? ಯಾವಳಿಗೋ ತೋರಿಸ್ಬೇಕಾ?"

"ತೋರಿಸೋಕಲ್ಲ." ಹುಡುಗ ತಲೆ ತಗ್ಗಿಸಿದ. "ಕೇಳಿಸ್ಕೊಳ್ಳೋರು ಒಬ್ರಿದಾರೆ."

"ಒಬ್ರಾ? ಊರಿಗೆ ಊರೇ ಕೇಳಿಸ್ಕೊಂಡು ಸಾಯ್ತಿದೆ. ಹಿಡಿ ಗರಗಸ."

ತೆತ್ಸುಜಿ ಏನೋ ಹೇಳಲು ಬಾಯಿ ತೆರೆದ. ಮೊಚಿಜುಕಿಯ ಮುಖ ನೋಡಿ ಮುಚ್ಚಿದ. ತಾನೇ ಬೆಸೆದ ಕೊಳವೆಗಳನ್ನು ತಾನೇ ಕುಯ್ದು, ನಾಲ್ಕು ತುಂಡು ಮಾಡಿ, ರಸ್ತೆ ಬದಿಗೆ ಸಾಲಾಗಿಟ್ಟ. ಕಣ್ಣು ಒರೆಸಿಕೊಂಡಾಗ ಕಬ್ಬಿಣದ ಪುಡಿ ಬಿದ್ದಿರಬೇಕೆಂದು ಮೊಚಿಜುಕಿ ಅಂದುಕೊಂಡ.

ಸುಮ್ಮಸುಮ್ಮನೆ ಹಟ ಸಾಧಿಸುವ ಮನುಷ್ಯನಲ್ಲ ಅವನು. ಅವನಿಗೂ ಒಂದು ಭಾನುವಾರವಿತ್ತು.

ಇಪ್ಪತ್ತರ ಮಗಳು ಫುಮಿಕೊ ಸೈಕಲ್ಲಿನಿಂದ ಇಳಿಜಾರಿನಲ್ಲಿ ಬಿದ್ದು ಎಂಟು ತಿಂಗಳು. ತಲೆಗೆ ಪೆಟ್ಟು. ಬಂದರು ರಸ್ತೆಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದವಳು ಏಳಲಿಲ್ಲ. ತಾಯಿಯಿಲ್ಲದ ಹುಡುಗಿ. ವಾರಕ್ಕೊಂದೇ ರಜೆ ಅಪ್ಪನಿಗೆ. ಭಾನುವಾರ ಹನ್ನೆರಡಕ್ಕೆ ಅನ್ನದ ಡಬ್ಬಿ ಹಿಡಿದು ಹೋಗುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಈ ಹಾಳು ಗಾಡಿ ಗುಡುಗುತ್ತಿತ್ತು. ಅವನು ಶಪಿಸುತ್ತ ಕಿಟಕಿ ಮುಚ್ಚಿ ಬಂದು, ಅವಳ ಪ್ರಾಣದಂಥ ಉಪ್ಪು ಹಾಕಿದ ಹುಳಿ ಉಮೆ ಹಣ್ಣನ್ನು ತುಟಿಗೆ ಮುಟ್ಟಿಸುತ್ತಿದ್ದ. ಆಗ ಅವಳ ತೋರುಬೆರಳು ಹಾಸಿಗೆಯ ಮೇಲೆ ಏಳುತ್ತಿತ್ತು. ಮೂರು ಸಲ ಬೇಗಬೇಗ, ಆಮೇಲೆ ಎರಡು ಸಲ ನಿಧಾನ. ವಾರವಿಡೀ ಇನ್ನೊಂದು ಸಲ ಇಲ್ಲ.

ಇಲ್ಲಿನ ಡಾಕ್ಟರುಗಳು ನಂಬಿರಲಿಲ್ಲ. ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡ ಮೇಲೆ ಟೋಕಿಯೊದ ದೊಡ್ಡ ಡಾಕ್ಟರು ಈ ಭಾನುವಾರ ಬರಲು ಒಪ್ಪಿದ್ದರು. ಬೆರಳು ಆಡಿದ್ದನ್ನು ಕಣ್ಣಾರೆ ಕಂಡರೆ ಟೋಕಿಯೊಗೆ ಕರೆದೊಯ್ದು ಚಿಕಿತ್ಸೆ. ಇಲ್ಲವಾದರೆ ಬೆಟ್ಟದ ಮೇಲಿನ ಆರೈಕೆಮನೆ. ಅಲ್ಲಿಗೆ ಹೋದವರು ಯಾರೂ ಇಳಿದು ಬಂದದ್ದಿಲ್ಲ.

ಆ ಹೊತ್ತಿನಲ್ಲಾದರೂ ಮಗಳ ಕೋಣೆ ಶಾಂತವಾಗಿರಲಿ. ಅಪ್ಪ ಬಯಸಿದ್ದು ಇಷ್ಟೇ.

ಭಾನುವಾರ ಹನ್ನೆರಡಕ್ಕೆ ಊರಿನ ಸೈರನ್ನು ಕೂಗಿ ನಿಂತಿತು. ರಸ್ತೆ ತಣ್ಣಗಿತ್ತು. ದೊಡ್ಡ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮೊಚಿಜುಕಿ ಉಮೆಯನ್ನು ತುಟಿಗೆ ಮುಟ್ಟಿಸಿದ.

ಬೆರಳು ಏಳಲಿಲ್ಲ.

ಇನ್ನೊಂದು ಹಣ್ಣು ತೆಗೆದ. "ಫುಮಿ, ಅಪ್ಪ ಕಣಮ್ಮ. ಒಂದೇ ಒಂದ್ಸಲ." ಹಣ್ಣನ್ನು ತುಟಿಗೆ ಒತ್ತಿ ಹಿಂಡಿದ, ಹುಳಿರಸ ದಿಂಬಿಗೆ ಇಳಿಯಿತು. ಐದು ನಿಮಿಷ, ಹತ್ತು ನಿಮಿಷ. ಡಾಕ್ಟರು ಗಡಿಯಾರ ನೋಡಿ ಪೆನ್ನು ತೆಗೆದರು.

ಮುದಿ ನರ್ಸ್ ಓಹಾಶಿ ಕಿಟಕಿ ತೆರೆದು ಕೆಳಗೆ ನೋಡಿದಳು. "ಇವತ್ತು ಯಾಕೋ ಗಾಡಿ ಬರ್ಲೇ ಇಲ್ಲ. ಪಾಪ, ಹುಡುಗ ಬರಿಗೈಲಿ ಗೇಟ್ ಹತ್ರ ನಿಂತಿದಾನೆ."

"ಯಾವ ಹುಡುಗ?" ಎಂದ ಮೊಚಿಜುಕಿ.

"ಅದೇ, ತೆತ್ಸುಜಿ. ಇವಳು ಬಿದ್ದ ದಿನ ಎತ್ಕೊಂಡು ಬಂದು ಬಾಗಿಲಲ್ಲೇ ಬಿಟ್ಟು ಹೋದೋನು. ಮದುವೆ ಮಾತು ಅಪ್ಪನಿಗೆ ತಾನೇ ಹೇಳ್ತೀನಿ, ಅಲ್ಲೀತನಕ ಬಾಯಿ ಬಿಡ್ಬೇಡ ಅಂತ ಇವಳು ಆಣೆ ಹಾಕಿಸ್ಕೊಂಡಿದ್ಳಂತೆ." ಓಹಾಶಿ ಅಪ್ಪನತ್ತ ತಿರುಗಿದಳು. "ಗಾಡಿ ಸದ್ದು ಬಂದ್ರೇನೇ ಅಲ್ವಾ ಇವಳು ಬೆರಳಾಡ್ಸೋದು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಮೊಚಿಜುಕಿಯವ್ರೇ."

ಮೊಚಿಜುಕಿಯ ಕೈಯಿಂದ ಡಬ್ಬಿ ಬಿತ್ತು. ಗಾಡಿಯ ತಾಳವೂ ಅದೇ: ಮೂರು ಗಿಡ್ಡ, ಎರಡು ಉದ್ದ. ಎಂಟು ತಿಂಗಳು ಪ್ರತಿ ವಾರ ಅದಕ್ಕೇ ಶಪಿಸಿ ಕಿಟಕಿ ಮುಚ್ಚಿದ್ದ. ನಾಲ್ಕು ತುಂಡು ಕೊಳವೆ ಠಾಣೆಯ ಹಿತ್ತಲಲ್ಲಿ ಅವನದೇ ಅಕ್ಷರದ ಚೀಟಿ ಕಟ್ಟಿಸಿಕೊಂಡು ಬಿದ್ದಿತ್ತು. ಡಾಕ್ಟರು ಹಾಳೆಯ ಕೊನೆಯ ಸಾಲಿಗೆ ಬಂದಿದ್ದರು.

ಅವನು ಮಗಳ ಕಿವಿಗೆ ಬಾಯಿಟ್ಟ. ಐವತ್ತು ದಾಟಿದ ಪೊಲೀಸು, ಎಲ್ಲರೆದುರು, ಮಕ್ಕಳಂತೆ ತುಟಿ ಬಡಿದು ಸದ್ದು ಮಾಡಿದ. ಬುರ್, ಬುರ್, ಬುರ್. ಬುರ್ರ್ರ್, ಬುರ್ರ್ರ್. ಬೆರಳು ಮಿಸುಕಲಿಲ್ಲ.

ಕಣ್ಣು ಮುಚ್ಚಿದ್ದರೂ, ಅದು ತೆತ್ಸುಜಿಯ ಗಾಡಿಯಲ್ಲವೆಂದು ಫುಮಿಕೊಗೆ ಗೊತ್ತಾಯಿತು.